ಸೆಗೋವಿಯಾದ ಗೆಳತಿಗೆ ನಮ್ಮೂರಲ್ಲಿ ಏನು ತೋರಿಸಲಿ?

ಮಾದನಾಯಕನಹಳ್ಳಿ

ಮಗಳೇ,

ನೀನು ಕಳಿಸಿದ ಸ್ಪೇನಿನ ಸೆಗೋವಿಯಾ ಊರಿನ ಫೋಟೋಗಳನ್ನು ನಿನ್ನ ದೊಡ್ಡಮ್ಮನೂ ನಾನೂ ಒಂದೊಂದಾಗಿ ದೊಡ್ಡದು ಮಾಡಿಕೊಂಡು ನೋಡಿದೆವು. ಆ ಕೋಟೆ, ಆ ದೊಡ್ಡ ಚರ್ಚು, ಎಲ್ಲಕ್ಕಿಂತ ಹೆಚ್ಚಾಗಿ ಊರ ನಡುವೆ ಎದ್ದು ನಿಂತ ಆ ನೀರಿನ ಕಮಾನುಸಾಲು. ಆ ಊರಿನವಳೇ ಆದ ನಿನ್ನ ಗೆಳತಿ ಸಂಕ್ರಾಂತಿಗೆ ನಿನ್ನ ಜೊತೆ ಬರುತ್ತಾಳೆಂದು ಓದಿ ದೊಡ್ಡಮ್ಮ ಆಗಲೇ ಅಟ್ಟದ ಮೇಲಿನ ಹಾಸಿಗೆಗಳನ್ನು ಇಳಿಸಿ ಬಿಸಿಲಿಗೆ ಹಾಕಿಸಿದ್ದಾಳೆ. ಆದರೆ ಕಾಗದದ ಕೊನೆಯಲ್ಲಿ ನೀನು ಬರೆದಿರುವ ಮಾತು ನನ್ನ ಮನಸ್ಸಿನಲ್ಲೇ ನಿಂತುಬಿಟ್ಟಿತು. "ದೊಡ್ಡಪ್ಪ, ಅವಳ ಊರಲ್ಲಿ ಕಾಲಿಟ್ಟಲ್ಲೆಲ್ಲ ಚರಿತ್ರೆ. ನಮ್ಮೂರಲ್ಲಿ ಅವಳಿಗೆ ಏನು ತೋರಿಸಲಿ? ಫ್ಲೈಓವರು, ಗೋಡೌನು, ಲಾರಿ ಸಾಲು ಬಿಟ್ಟರೆ ಏನಿದೆ? ಸೀದಾ ಹಂಪಿಗೋ ಮೈಸೂರಿಗೋ ಕರಕೊಂಡು ಹೋಗಿಬಿಡಲಾ?"

ಹಂಪಿಗೂ ಹೋಗಿ, ಮೈಸೂರಿಗೂ ಹೋಗಿ. ಆದರೆ ಅದಕ್ಕೆ ಮೊದಲು ಮೂರು ನಾಲ್ಕು ದಿನ ನನಗೆ ಕೊಡಿ. ನಿನ್ನ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಅದಕ್ಕೇ ಈ ಕಾಗದ.

ಮೊದಲು ನಿನ್ನ ಗೆಳತಿಯ ಊರಿನ ಮಾತನ್ನೇ ಎತ್ತಿಕೊಳ್ಳುತ್ತೇನೆ. ಆ ಕಮಾನುಸಾಲು ರೋಮನ್ನರು ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ಹಿಂದೆ ಕಟ್ಟಿದ್ದು. 167 ಕಮಾನು. ಅತಿ ಎತ್ತರದ ಜಾಗದಲ್ಲಿ ಸುಮಾರು 28 ಮೀಟರು. ಗ್ರಾನೈಟ್ ಕಲ್ಲುಗಳ ನಡುವೆ ಸುಣ್ಣವಿಲ್ಲ, ಗಾರೆಯಿಲ್ಲ. ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸಿದೆ. ಪೀಣ್ಯದ ಟೂಲ್‌ರೂಮಿನಲ್ಲಿ ಜೀವ ಸವೆಸಿದವನು ನಾನು. ಎರಡು ಲೋಹದ ಮುಖಗಳು ಸಂದಿಲ್ಲದೆ ಕೂರಬೇಕಾದರೆ ಎಷ್ಟು ಬೆವರು ಹರಿಯಬೇಕೆಂದು ಬಲ್ಲೆ. ಆ ಕಲ್ಲುಕುಟಿಗರಿಗೆ ಕೂತಲ್ಲಿಂದಲೇ ಕೈ ಮುಗಿದೆ. 1985ರಲ್ಲಿ ಯುನೆಸ್ಕೊ ಆ ಊರನ್ನೂ ಕಮಾನುಸಾಲನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತಂತೆ. ಸೇರಿಸಬೇಕಾದ್ದೇ.

ನೀನು ಬರೆದಿದ್ದ ಆ ಸೈತಾನನ ಕತೆ ದೊಡ್ಡಮ್ಮನಿಗೆ ಬಹಳ ಹಿಡಿಸಿತು. ದಿನಾ ಬೆಟ್ಟದ ದಾರಿಯಲ್ಲಿ ನೀರು ಹೊತ್ತು ಸೋತ ಹುಡುಗಿಯೊಬ್ಬಳು, ಬೆಳಗಾಗುವುದರೊಳಗೆ ಮನೆ ಬಾಗಿಲಿಗೆ ನೀರು ತಂದರೆ ನನ್ನ ಆತ್ಮವನ್ನೇ ಕೊಡುತ್ತೇನೆಂದು ಸೈತಾನನಿಗೆ ಮಾತು ಕೊಟ್ಟಳು. ಅವನು ರಾತ್ರಿಯೆಲ್ಲ ಕಟ್ಟಿದ. ಇನ್ನೊಂದೇ ಕಲ್ಲು ಬಾಕಿ ಇರುವಾಗ ಸೂರ್ಯ ಹುಟ್ಟಿದ, ಹುಡುಗಿ ಉಳಿದಳು. "ನೀರು ಹೊತ್ತವರಿಗೇ ಇಂಥಾ ಕತೆ ಹುಟ್ಟೋದು" ಎಂದಳು ನಿನ್ನ ದೊಡ್ಡಮ್ಮ. ಬಾವಿಯಿಂದ ಬಿಂದಿಗೆ ಮೇಲೆ ಬಿಂದಿಗೆ ಹೊತ್ತು ತಂದವಳು ಅವಳು. ಈಗಲೂ ಬೇಸಿಗೆ ಬಂತೆಂದರೆ ಟ್ಯಾಂಕರ್ ಸದ್ದಿಗೆ ಕಿವಿ ಕೊಟ್ಟು ಕೂರುತ್ತಾಳೆ.

ಈಗ ನನ್ನ ಮಾತು ಕೇಳು. ನೀರು ಹೊತ್ತ ಇಟ್ಟಿಗೆಯ ಕಮಾನುಸಾಲೊಂದು ನಮ್ಮ ಮಗ್ಗುಲಲ್ಲೇ ಇದೆ. ನಮ್ಮ ಮನೆಯಿಂದ ಸೋಲದೇವನಹಳ್ಳಿ ಕಡೆ ಹೋಗಿ, ಹೆಸರಘಟ್ಟದ ದಾರಿ ಹಿಡಿದರೆ ತರಬನಹಳ್ಳಿ ಸಿಗುತ್ತದೆಯಲ್ಲ, ಅಲ್ಲಿ. ನಿನ್ನ ಗೆಳತಿಯನ್ನು ಮೊಟ್ಟಮೊದಲು ಕರೆದುಕೊಂಡು ಹೋಗಬೇಕಾದ ಜಾಗ ಅದು. ತನ್ನೂರಿನ ಕಮಾನುಗಳ ನೆರಳಲ್ಲಿ ಆಡಿ ಬೆಳೆದವಳಿಗೆ ಅದರ ಮುಂದೆ ನಿಂತಾಗ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಅದರ ಹಿನ್ನೆಲೆ ಇದು. ಬೆಂಗಳೂರು ಪೇಟೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಕೆರೆ ಬಾವಿಗಳ ನೀರನ್ನೇ ಕುಡಿಯಿತು. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ. 1876ರಿಂದ 78ರವರೆಗಿನ ಭೀಕರ ಬರ, ಬೆಳೆಯುತ್ತಿದ್ದ ದಂಡು ಪ್ರದೇಶ, ಕೆರೆಗಳಿಗೆ ಸೇರುತ್ತಿದ್ದ ಕೊಳಕು, ಇವೆಲ್ಲ ಸೇರಿ ಊರಿಗೆ ಹೊರಗಿನಿಂದ ಕೊಳವೆಯಲ್ಲಿ ನೀರು ತರದೆ ಗತ್ಯಂತರವಿಲ್ಲ ಎನ್ನುವಂತಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಹಿಡಿದು ಊರಿಗೆ ಕೊಡುವ ಯೋಜನೆ ರೂಪುಗೊಂಡಿತು. ಅದಕ್ಕೆ ಚಾಮರಾಜೇಂದ್ರ ಒಡೆಯರ ಹೆಸರು. ಬೆಂಗಳೂರಿನ ಮೊದಲ ನಲ್ಲಿ ನೀರು ನಮ್ಮ ಕಡೆಯಿಂದ ಹೋದದ್ದು, ಮಗಳೇ.

ಹೆಸರಘಟ್ಟದ ಕೆರೆಯಿಂದ ತರಬನಹಳ್ಳಿವರೆಗೆ ನೀರು ಇಟ್ಟಿಗೆ ಕಟ್ಟಡದ ಕಾಲುವೆಯಲ್ಲಿ ತನ್ನಷ್ಟಕ್ಕೆ ತಾನೇ ಹರಿದು ಬರುತ್ತಿತ್ತು. ಅಲ್ಲಿಂದ ಕೊಳವೆಯಲ್ಲಿ ಸೋಲದೇವನಹಳ್ಳಿಗೆ. ಅಲ್ಲಿ ಉಗಿಯಂತ್ರದ ಪಂಪುಗಳು ಅದನ್ನು ಮೇಲೆತ್ತಿ ಬೆಂಗಳೂರಿನ ಕಡೆಗೆ ನೂಕುತ್ತಿದ್ದವು. ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್‌ನಲ್ಲಿ ಸೋಸಿ ಬೀದಿಗೆ ಬಿಡುತ್ತಿದ್ದರು. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರು ತಲುಪಿದ ಮೇಲೆ ಸೌದೆ, ಕಲ್ಲಿದ್ದಲಿನ ಹೊಗೆ ನಿಂತು ವಿದ್ಯುತ್ ಪಂಪುಗಳು ಬಂದವು.

'ತನ್ನಷ್ಟಕ್ಕೆ ತಾನೇ ಹರಿದು' ಎಂದೆನಲ್ಲ, ಆ ಮೂರು ಮಾತಿನೊಳಗೆ ಎಷ್ಟು ಲೆಕ್ಕಾಚಾರ ಅಡಗಿದೆಯೆಂದು ನಿನಗೆ ಗೊತ್ತಾಗಬೇಕು. ಇಳಿಜಾರು ಜಾಸ್ತಿಯಾದರೆ ನೀರು ರಭಸಕ್ಕೆ ಗಾರೆಯನ್ನು ಕೊರೆಯುತ್ತದೆ. ಕಮ್ಮಿಯಾದರೆ ಹೂಳು ಕೂರುತ್ತದೆ, ಪಾಚಿ ಕಟ್ಟುತ್ತದೆ. ನೆಲ ತಗ್ಗಿದಲ್ಲಿ ಕಾಲುವೆ ತಗ್ಗಬಾರದು, ಅದಕ್ಕಾಗಿಯೇ ಕಮಾನು. ನೆಲ ಉಬ್ಬಿದಲ್ಲಿ ಕಾಲುವೆ ಏಳಬಾರದು, ಅಲ್ಲಿ ನೆಲವನ್ನೇ ಕೊರೆಯಬೇಕು. ಸೆಗೋವಿಯಾದ ರೋಮನ್ ಮೇಸ್ತ್ರಿಗೂ ನಮ್ಮ ಹೆಸರಘಟ್ಟದ ಗಾರೆ ಮೇಸ್ತ್ರಿಗೂ ನಡುವೆ ಹದಿನೆಂಟು ಶತಮಾನ ಇರಬಹುದು, ಇಬ್ಬರ ಕೈಯಲ್ಲೂ ಇದ್ದದ್ದು ಮಾತ್ರ ಒಂದೇ ಮಟ್ಟ, ಒಂದೇ ತೂಗುಗುಂಡು.

ಅಲ್ಲಿಗೆ ಹೋದಾಗ ದೂರದಿಂದ ಫೋಟೋ ತೆಗೆದುಕೊಂಡು ಹಿಂದಿರುಗಬೇಡಿ. ಹತ್ತಿರ ಹೋಗಿ ಕಮಾನಿನ ಒಳಹೊಟ್ಟೆಗೆ ಕೈ ಇಟ್ಟು ನೋಡಿ. ಇಟ್ಟಿಗೆಯ ಸಾಲು ಬಾಗುತ್ತ ಹೋದಂತೆ ನಡುವಿನ ಸುಣ್ಣದ ಗೆರೆ ಕೆಳಗೆ ಸಣ್ಣಗೆ, ಮೇಲೆ ದಪ್ಪಗೆ ಇರುತ್ತದೆ. ಇಟ್ಟಿಗೆ ಚಚ್ಚೌಕ, ಕಮಾನು ದುಂಡು. ಆ ದುಂಡನ್ನು ಮೇಸ್ತ್ರಿ ಸುಣ್ಣದ ಗಾರೆಯಲ್ಲಿ ಸರಿದೂಗಿಸಿದ್ದಾನೆ. ಸಂದಿಯೊಳಗೆ ಅರಳಿ ಸಸಿಗಳು ಬೇರು ಬಿಟ್ಟಿವೆ. ಅರಳಿ ಬೇರು ಇಳಿದ ಗೋಡೆ ಹೆಚ್ಚು ದಿನ ತಾಳುವುದಿಲ್ಲ. ಸಿಕ್ಕಸಿಕ್ಕಂತೆ ಕಿತ್ತರೆ ಇಟ್ಟಿಗೆಯೂ ಜೊತೆಗೇ ಬರುತ್ತದೆ. ಬುಡ ಕತ್ತರಿಸಿ, ಬೇರು ಒಣಗಿಸಿ, ಆಮೇಲೆ ಸುಣ್ಣದ ಗಾರೆಯಿಂದಲೇ ಸಂದಿ ಮುಚ್ಚಬೇಕು. ಸಿಮೆಂಟು ಮೆತ್ತಿದರೆ ಹಳೇ ಇಟ್ಟಿಗೆ ಉಸಿರು ಕಟ್ಟಿ ಉದುರುತ್ತದೆ. ಇದನ್ನು ಬಲ್ಲ ಕೆಲಸದವರು ಇನ್ನೂ ಇದ್ದಾರೆ. ಅವರು ಇರುವಷ್ಟರಲ್ಲಿ ಆ ಕೆಲಸ ಆಗಬೇಕೆಂಬುದು ನನ್ನ ದೊಡ್ಡ ಆಸೆ. ನಿನ್ನ ಗೆಳತಿಯ ಊರಿನವರು ಇಂಥದ್ದನ್ನೆಲ್ಲ ಹೇಗೆ ಮಾಡುತ್ತಾರೆ, ಯಾರು ಮಾಡುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಎಂದು ಅವಳನ್ನು ಕೂರಿಸಿಕೊಂಡು ಕೇಳುವುದಿದೆ.

ಅಲ್ಲಿಂದ ಹೆಸರಘಟ್ಟದ ಕೆರೆ ಏರಿಯ ಮೇಲೆ ಒಂದಷ್ಟು ದೂರ ನಡೆಯಿರಿ. ಕೆರೆಯ ಆಚೆಗಿನ ಹುಲ್ಲುಗಾವಲು ಬೆಂಗಳೂರಿನ ಸುತ್ತ ಉಳಿದಿರುವ ಕೊನೆಯ ದೊಡ್ಡ ಹುಲ್ಲುಗಾವಲು. ಹಕ್ಕಿ ನೋಡುವವರು ಬೆಳಕು ಹರಿಯುವ ಮುಂಚೆಯೇ ಬಂದಿರುತ್ತಾರೆ. ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮವೂ ಅಲ್ಲೇ. ಗೆಳತಿಗೆ ಒಡಿಸ್ಸಿ ನೋಡುವ ಮನಸ್ಸಿದ್ದರೆ ಮೊದಲೇ ವಿಚಾರಿಸಿಕೊಂಡು ಹೋಗಿ.

ಹೆಸರಘಟ್ಟದ ನೀರು ಸಾಲದೆ ಹೋದಾಗ ಬೆಂಗಳೂರು ಮತ್ತೆ ನಮ್ಮ ಕಡೆಗೇ ತಿರುಗಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು ಎದ್ದಿತು, ಅರ್ಕಾವತಿಯೂ ಕುಮುದ್ವತಿಯೂ ಕೂಡುವ ಜಾಗದಲ್ಲಿ. 1974ರಲ್ಲಿ ಕಾವೇರಿ ಬರುವವರೆಗೂ ನಗರದ ಗಂಟಲು ತೋಯಿಸಿದ್ದು ಇವೆರಡು ಪುಟ್ಟ ಹೊಳೆಗಳು. ಅರ್ಕಾವತಿ ನಂದಿಬೆಟ್ಟದಿಂದ ಇಳಿದು ಬರುತ್ತಾಳೆ. ಕುಮುದ್ವತಿ ಹುಟ್ಟುವುದು ಶಿವಗಂಗೆಯಲ್ಲಿ. ಆದ್ದರಿಂದ ನಿಮ್ಮ ಎರಡನೆಯ ದಿನ ಶಿವಗಂಗೆಗೆ ಮೀಸಲು.

ಶಿವಗಂಗೆಯನ್ನು ನೀನು ಸಣ್ಣವಳಿದ್ದಾಗಿನಿಂದ ನೋಡಿದ್ದೀಯ. ಡಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ಎದುರಿಗೇ ಬೆಟ್ಟ. ಒಂದು ದಿಕ್ಕಿನಿಂದ ಬಸವ, ಇನ್ನೊಂದರಿಂದ ಗಣಪತಿ, ಮತ್ತೊಂದರಿಂದ ಲಿಂಗ, ಉಳಿದದ್ದರಿಂದ ಹೆಡೆಯೆತ್ತಿದ ಹಾವು ಎಂದು ಹಿರಿಯರು ತೋರಿಸುತ್ತ ಬಂದಿದ್ದಾರೆ. ನೀವು ಬರುವುದು ಸಂಕ್ರಾಂತಿಗೆ ಅಂದೆಯಲ್ಲ, ಅದು ನಮ್ಮ ಪುಣ್ಯ. ಬೆಟ್ಟದ ತುದಿಯ ತೀರ್ಥಕಂಬದ ಬುಡದಲ್ಲಿ ಆ ದಿನ ಜಿನುಗುವ ನೀರನ್ನು ತಂದೇ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕಲ್ಯಾಣ ಮಾಡುವುದು. ಜನ ರಾತ್ರಿಯಿಂದಲೇ ಮೆಟ್ಟಿಲು ಹತ್ತುತ್ತಾರೆ. ಗೆಳತಿಗೆ ನೂಕುನುಗ್ಗಲು ಅಭ್ಯಾಸವಿರಲಿಕ್ಕಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗು. ಒಳಕಲ್ಲು ತೀರ್ಥದಲ್ಲಿ ಅವಳ ಕೈಯನ್ನೂ ಇಳಿಬಿಡಿಸು. ನೀರು ತಾಗಿದರೆ ಪುಣ್ಯವಂತೆ ಎನ್ನುತ್ತಾರೆ, ತಾಗದಿದ್ದರೆ ಇನ್ನೊಂದು ಸಲ ಬಗ್ಗಿ ನೋಡಿದರಾಯಿತು.

ಅಲ್ಲಿ ಯಾರಾದರೂ ಶಾಂತಲೆಯ ಕತೆ ಹೇಳದೆ ಬಿಡುವುದಿಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಇಲ್ಲಿಂದ ಹಾರಿ ಪ್ರಾಣ ಬಿಟ್ಟಳು ಎಂದು ಒಂದು ಕಡಿದಾದ ಬಂಡೆಯನ್ನು ತೋರಿಸುತ್ತಾರೆ. ಗೆಳತಿಗೆ ಆ ಕತೆಯನ್ನು ಹೇಳು, ಅದು ಕತೆ ಎಂದೂ ಹೇಳು. ನಮಗೆ ಗೊತ್ತಿರುವುದು ಶ್ರವಣಬೆಳಗೊಳದ ಶಾಸನದಿಂದ: 1131ರಲ್ಲಿ ರಾಣಿ ಶಿವಗಂಗೆಯಲ್ಲಿ ತೀರಿಕೊಂಡಳು, ಮಗಳ ಸಾವಿನ ದುಃಖ ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಬೆಳಗೊಳದಲ್ಲಿ ಬಸದಿ ಕಟ್ಟಿಸಿದ ಜೈನ ರಾಣಿ, ಕಣ್ಣು ಮುಚ್ಚಿದ್ದು ಶಿವನ ಬೆಟ್ಟದಲ್ಲಿ. ನನಗೆ ಹಾರಿದ ಕತೆಗಿಂತ ಇದು ಹೆಚ್ಚು ಕಾಡುತ್ತದೆ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಕಾದಂಬರಿ ನಮ್ಮ ಮನೆ ಬೀರುವಿನಲ್ಲಿದೆ. ಅದನ್ನು ಕಾದಂಬರಿಯಾಗಿ ಓದು, ಶಾಸನವನ್ನು ಶಾಸನವಾಗಿ ಓದು. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ. ಸೆಗೋವಿಯಾದವರು ಸೈತಾನನ ಕತೆಯನ್ನೂ ಉಳಿಸಿಕೊಂಡಿದ್ದಾರೆ, ರೋಮನ್ನರ ಲೆಕ್ಕವನ್ನೂ ಉಳಿಸಿಕೊಂಡಿದ್ದಾರೆ, ನೋಡು.

ಮೂರನೆಯ ದಿನ ಮಣ್ಣೆಗೆ. ಈ ಹೆಸರನ್ನು ನೀನು ಕೇಳಿಯೇ ಇಲ್ಲವೇನೋ. ನೆಲಮಂಗಲದಿಂದ ತ್ಯಾಮಗೊಂಡ್ಲು ದಾಟಿ ಹೊಲಗಳ ನಡುವೆ ಹೋದರೆ ಒಂದು ಸಾಮಾನ್ಯ ಹಳ್ಳಿ. ರಾಗಿ ಬಣವೆ, ಹುಣಸೆಮರ, ಡೈರಿ ಮುಂದೆ ಹಾಲಿನ ಕ್ಯಾನು. ಆ ಹಳ್ಳಿ ಹಿಂದೆ ಮಾನ್ಯಪುರವಾಗಿತ್ತು, ಗಂಗರ ಅರಸು ಶ್ರೀಪುರುಷನ ರಾಜಧಾನಿ. ಎಂಟನೆಯ ಶತಮಾನದಲ್ಲಿ ಅವನು ಅರವತ್ತು ವರ್ಷದ ಆಸುಪಾಸು ಆಳಿದವನು. ಆನೆಗಳ ಮೇಲೆ 'ಗಜಶಾಸ್ತ್ರ' ಬರೆದವನೆಂದು ಅವನಿಗೆ ಹೆಸರು. ಗಂಗರೆಂದ ಕೂಡಲೇ ಎಲ್ಲರೂ ತಲಕಾಡು ಎನ್ನುತ್ತಾರೆ. ತಲಕಾಡಿನಿಂದ ಅರಸನ ವಾಸ ಇಲ್ಲಿಗೆ ಬಂದಿತ್ತು ಎನ್ನುವುದು ನಮ್ಮ ನೆಲಮಂಗಲ ಸೀಮೆಯಲ್ಲೇ ಹೆಚ್ಚು ಜನಕ್ಕೆ ತಿಳಿಯದು.

ಮಣ್ಣೆಯಲ್ಲಿ ಎರಡು ತಾಮ್ರಶಾಸನ ಸಿಕ್ಕಿವೆ. 797ರದು ಗಂಗ ಮಾರಸಿಂಹನ ಕಾಲದ್ದು. ಅವನ ದಂಡನಾಯಕ ಶ್ರೀವಿಜಯ ಮಾನ್ಯಪುರದಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಅದು ಹೇಳುತ್ತದೆ. 802ರದು ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ್ದು. ಅಂದರೆ ಐದೇ ವರ್ಷದಲ್ಲಿ ಈ ಊರಿನ ಮೇಲಿನ ಒಡೆತನವೇ ಬದಲಾಗಿತ್ತು, ಬಸದಿಗೆ ದಾನ ಕೊಡುವುದು ಮಾತ್ರ ನಿಂತಿರಲಿಲ್ಲ. ಇನ್ನೊಂದು ಮಾತು. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವ ಬೇಗೂರಿನ ವೀರಗಲ್ಲು ಸುಮಾರು 890ರದು. ಬೆಂಗಳೂರಿನ ಹೆಸರು ಕಲ್ಲಿನ ಮೇಲೆ ಮೂಡುವುದಕ್ಕೆ ನೂರು ವರ್ಷ ಮೊದಲೇ ನಮ್ಮ ಕಡೆ ಒಂದು ರಾಜಧಾನಿ ಇತ್ತು. 'ನಮ್ಮೂರಲ್ಲಿ ಏನಿದೆ' ಎಂದು ಕೇಳಿದೆಯಲ್ಲ, ಮಗಳೇ!

ಅಲ್ಲಿ ಕಪಿಲೇಶ್ವರ ದೇಗುಲದ ಅವಶೇಷ ಉಳಿದಿದೆ, ಸೋಮೇಶ್ವರ ಗುಡಿ ಇದೆ, ಬಸದಿಯ ಅವಶೇಷವಿದೆ. ಕಪಿಲೇಶ್ವರದ ಒಳಗೆ ಹೋಗಿ ಕಣ್ಣು ಕತ್ತಲೆಗೆ ಒಗ್ಗುವವರೆಗೆ ನಿಲ್ಲಿ. ಆಮೇಲೆ ಕಲ್ಲಿನ ಜಾಲಂಧ್ರ, ಬಾಗಿಲವಾಡದ ಕೆತ್ತನೆ, ಕಂಬಗಳ ಮೈ ಒಂದೊಂದಾಗಿ ಕಾಣತೊಡಗುತ್ತವೆ. ಬೇಲೂರು ಹಳೇಬೀಡು ನೋಡಿ ಬಂದ ಕಣ್ಣಿಗೆ ಇದು ಸಪ್ಪೆ ಅನಿಸೀತು ಎಂಬ ಭಯ ನನಗಿದೆ. ಆದ್ದರಿಂದ ಈ ಒಂದು ವಿಷಯ ನೆನಪಿಟ್ಟುಕೋ. ಬೇಲೂರಿನ ಶಿಲ್ಪಿಗೆ ಸಿಕ್ಕಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆದು, ಉಳಿ ಹೇಳಿದಂತೆ ಕೇಳುತ್ತದೆ. ನಮ್ಮ ಬೆಂಗಳೂರು ಸೀಮೆಯದು ಗ್ರಾನೈಟ್ ನೆಲ. ಅದು ಉಳಿಯನ್ನೇ ತಿಂದುಹಾಕುತ್ತದೆ. ಹೈಸ್ಪೀಡ್ ಸ್ಟೀಲ್ ಟೂಲಿನ ಮೂತಿ ಗಟ್ಟಿ ಲೋಹದ ಮೇಲೆ ಒಂದೇ ಪಾಸಿಗೆ ಸುಟ್ಟು ಹೋಗುವುದನ್ನು ಕಂಡವನಿಗೆ ಇದರ ಅರ್ಥ ತಿಳಿಯುತ್ತದೆ. ಈ ಕಲ್ಲಿನಲ್ಲಿ ಇಷ್ಟು ನುಣುಪು ತಂದವರಿಗೆ ತಾಳ್ಮೆಯೇ ದೊಡ್ಡ ಉಪಕರಣವಾಗಿತ್ತು. ನಿನ್ನ ಗೆಳತಿಯ ಊರಿನದೂ ಗ್ರಾನೈಟೇ ಅಲ್ಲವೆ? ಅವಳ ಕೈಯನ್ನು ಆ ಕಂಬದ ಮೇಲೆ ಇರಿಸು.

ಮಣ್ಣೆಯಲ್ಲಿ ಟಿಕೆಟ್ ಕೌಂಟರಿಲ್ಲ, ಗೈಡ್ ಇಲ್ಲ, ಹೋಟೆಲಿಲ್ಲ. ಊರಿನ ಹಿರಿಯರೊಬ್ಬರು ಜಗಲಿಯ ಮೇಲೆ ಕೂತಿದ್ದರೆ ನಮಸ್ಕಾರ ಹೇಳಿ ಮಾತಾಡಿಸಿ. ಅವರು ತಿಳಿದಷ್ಟು ಹೇಳುತ್ತಾರೆ, ನೀರು ಮಜ್ಜಿಗೆ ಕೊಡದೆ ಕಳಿಸುವುದಿಲ್ಲ. ಆದರೆ ಓದಿಕೊಂಡು ಹೋಗುವುದು ನಿನ್ನ ಕೆಲಸ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಒಂಬತ್ತನೆಯ ಸಂಪುಟ, 1905ರಲ್ಲಿ ಅಚ್ಚಾದದ್ದು, ಇಡೀ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ. ಈಗ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನೆಲಮಂಗಲ ತಾಲ್ಲೂಕಿನ ಭಾಗವನ್ನು ತೆಗೆದು ಊರು ಊರಾಗಿ ನೋಡು. ಆ ಕಾಲದಲ್ಲಿ ರೈಸ್ ಅವರೂ ಅವರ ಕಡೆಯ ಪಂಡಿತರೂ ಹಳ್ಳಿಹಳ್ಳಿಯ ಶಾಸನ ಹುಡುಕಿ ಅಚ್ಚೊತ್ತಿ ತೆಗೆದರು. ಅವರು ಅಂದು ಓದಿದ ಕಲ್ಲುಗಳಲ್ಲಿ ಎಷ್ಟೋ ಇವತ್ತು ಇಲ್ಲ. ರಸ್ತೆಗೆ ಹೋದವು, ಸೈಟಿನ ಪಾಯಕ್ಕೆ ಹೋದವು. ಉಳಿದವನ್ನು ಈಗ ಮಿಥಿಕ್ ಸೊಸೈಟಿಯವರು ತ್ರೀಡಿ ಸ್ಕ್ಯಾನ್ ಮಾಡಿ ಅಕ್ಷರ ಅಕ್ಷರವಾಗಿ ಕಾಪಿಡುತ್ತಿದ್ದಾರೆ. 1909ರಲ್ಲಿ ಹುಟ್ಟಿದ ಸಂಸ್ಥೆ ಈ ವಯಸ್ಸಿನಲ್ಲಿ ಇಂಥ ಎಳೆಯರ ಕೆಲಸಕ್ಕೆ ಇಳಿದಿದೆಯಲ್ಲ ಎಂದು ನನಗೆ ಖುಷಿ.

ಹಿಂದಿರುಗುವ ದಾರಿಯಲ್ಲಿ ಸಮಯ ಉಳಿದರೆ ನೆಲಮಂಗಲದ ಬಿನ್ನಮಂಗಲದಲ್ಲಿ ಇಳಿದು ಮುಕ್ತಿನಾಥೇಶ್ವರನಿಗೆ ಕೈ ಮುಗಿಯಿರಿ. ಚೋಳರ ಕಾಲದ ಗುಡಿ, ತಮಿಳು ಶಾಸನಗಳಿವೆ. ಗಂಗರು, ರಾಷ್ಟ್ರಕೂಟರು, ಚೋಳರು, ಹೊಯ್ಸಳರು ಈ ಒಂದೇ ತಾಲ್ಲೂಕಿನ ಮೇಲೆ ಒಬ್ಬರ ಹಿಂದೊಬ್ಬರು ಹಾದು ಹೋಗಿದ್ದಾರೆ.

ಮಾಗಡಿಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಅದು ನಿಮ್ಮಪ್ಪನ ಪಾಲಿನ ದಿನ. ಅವನೇ ಕಾರಿನಲ್ಲಿ ಕರೆದೊಯ್ಯುತ್ತಾನಂತೆ. ಕೋಟೆ, ಸೋಮೇಶ್ವರ, ತಿರುಮಲೆಯ ರಂಗನಾಥ, ಆಮೇಲೆ ಸಾವನದುರ್ಗದ ಬಂಡೆ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಕಸಿದುಕೊಂಡ ದುರ್ಗ ಅದು. ನಾನು ಬೇಡಿಕೊಳ್ಳುವುದು ಒಂದೇ: ಕೆಂಪಾಪುರವನ್ನು ಬಿಡಬೇಡಿ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಅಲ್ಲಿದೆ ಎಂಬುದು ಬೆಳಕಿಗೆ ಬಂದದ್ದು 2015ರಲ್ಲಿ. ಊರಿನವರಿಗೆ ಆ ಗೋಪುರ ದಿನಾ ಕಾಣುತ್ತಿತ್ತು, ಮೇಲಿನ ಬರಹವನ್ನು ಓದುವವರು ಬರಬೇಕಾಗಿತ್ತು. ಇಷ್ಟು ದೊಡ್ಡ ನಗರ ತನ್ನನ್ನು ಕಟ್ಟಿದವನು ಎಲ್ಲಿ ಮಲಗಿದ್ದಾನೆಂದು ತಿಳಿಯಲು ಅಷ್ಟು ಕಾಲ ಹಿಡಿಯಿತು.

ಕುದೂರಿನ ಕಡೆಯಿಂದ ಬಂದರೆ ಹುಲಿಕಲ್ಲಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಆಲದ ನೆರಳಲ್ಲಿ ಬುತ್ತಿ ಬಿಚ್ಚಿ. ಸಾಲುಮರದ ತಿಮ್ಮಕ್ಕನೂ ಅವರ ಗಂಡ ಚಿಕ್ಕಯ್ಯನೂ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬದುಕಿಸಿದ 385 ಆಲದ ಮರಗಳ ಸಾಲು ಅದು. ಕೂಲಿ ಮಾಡಿ ಬದುಕಿದವರು. ಅಲ್ಲಿ ಸೈತಾನ ಬಂದು ಸಹಾಯ ಮಾಡಲಿಲ್ಲ. ಸೆಗೋವಿಯಾದ ನೀರು ಹೊತ್ತ ಹುಡುಗಿಯ ಕತೆ ಬಲ್ಲವಳಿಗೆ ಈ ತಾಯಿಯ ಕತೆ ಹೇಳಲೇಬೇಕು, ಇದು ನಡೆದ ಕತೆ. 2019ರಲ್ಲಿ ಪದ್ಮಶ್ರೀ ಕೊಟ್ಟಾಗ ಆಕೆ ರಾಷ್ಟ್ರಪತಿಗಳ ತಲೆ ಮುಟ್ಟಿ ಹರಸಿದ್ದನ್ನು ದೊಡ್ಡಮ್ಮ ಟೀವಿಯಲ್ಲಿ ನೋಡಿ ಅತ್ತುಬಿಟ್ಟಿದ್ದಳು.

ಇನ್ನು ನನಗಾಗಿ ಅರ್ಧ ದಿನ. ಮಾದಾವರದಲ್ಲಿ ಮೆಟ್ರೊ ಹತ್ತಿದರೆ, 2024ರ ನವೆಂಬರಿನಿಂದ ಅದು ನಮ್ಮ ಹತ್ತಿರಕ್ಕೇ ಬಂದಿದೆ, ಜಾಲಹಳ್ಳಿಯಲ್ಲಿ ಇಳಿಯಬಹುದು. ಅಲ್ಲಿ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ. 1953ರಲ್ಲಿ ಶುರುವಾದ ಆ ಕಾರ್ಖಾನೆ ಮೊದಲು ಮಾಡಿದ್ದು ಲೇತು, ಆಮೇಲೆ ದೇಶಕ್ಕೆಲ್ಲ ಕೈಗಡಿಯಾರ. ನಿಮ್ಮ ತಾತನ ಕೈಯಲ್ಲಿದ್ದ ಜನತಾ ವಾಚಿನ ಅಣ್ಣತಮ್ಮಂದಿರೆಲ್ಲ ಅಲ್ಲಿ ಗಾಜಿನ ಹಿಂದೆ ಸಾಲಾಗಿ ಇದ್ದಾರೆ. ಹಳೆಯ ಗುಡಿಗೆ ಕೊಡುವ ಗೌರವವನ್ನೇ ನಾನು ಹಳೆಯ ಲೇತಿಗೂ ಕೊಡುತ್ತೇನೆ. ನಮ್ಮ ಪೀಣ್ಯ, ದಾಸರಹಳ್ಳಿ, ಮಾದನಾಯಕನಹಳ್ಳಿಯ ಸಾವಿರಾರು ಶೆಡ್ಡುಗಳು ಎದ್ದದ್ದು ಆ ಲೇತುಗಳ ಮೇಲೆ ಕಲಿತ ಕೈಗಳಿಂದ. ಇದನ್ನು ನೋಡದೆ ಗೆಳತಿ ನಮ್ಮೂರನ್ನು ನೋಡಿದಂತಾಗುವುದಿಲ್ಲ. ಬರುವಾಗ ಪೀಣ್ಯದಲ್ಲಿ ನನ್ನ ಶಿಷ್ಯನೊಬ್ಬನ ಶೆಡ್ಡಿಗೂ ಕರೆದೊಯ್ಯುತ್ತೇನೆ. ಒಂದು ಹಿತ್ತಾಳೆ ತುಂಡನ್ನು ಲೇತಿನ ಚಕ್‌ಗೆ ಕಟ್ಟಿ, ಅವಳೇ ಹ್ಯಾಂಡಲ್ ತಿರುಗಿಸಿ ಒಂದು ಬುಗುರಿ ಮಾಡಿಕೊಂಡು ಹೋಗಲಿ.

ಬರುವ ಮುಂಚೆ ನಿನಗೆ ಒಂದು ಕೆಲಸ ಹೇಳುತ್ತೇನೆ. ತರಬನಹಳ್ಳಿ ಕಡೆಯ ಶಾಲೆಯೊಂದರ ಮೇಷ್ಟ್ರನ್ನು ನಾನು ಮಾತಾಡಿಸಿದ್ದೇನೆ. ಒಂದು ಮಧ್ಯಾಹ್ನ ಮಕ್ಕಳನ್ನು ಕಮಾನಿನ ಹತ್ತಿರ ಕರೆತರಲು ಅವರು ಒಪ್ಪಿದ್ದಾರೆ. ನಿನ್ನ ಗೆಳತಿ ತನ್ನೂರಿನ ಕಮಾನಿನ ಕತೆಯನ್ನು ಸೈತಾನನ ಸಮೇತ ಹೇಳಬೇಕು, ನೀನು ಕನ್ನಡಕ್ಕೆ ತಿಳಿಯಾಗಿ ತಿರುಗಿಸಿ ಹೇಳಬೇಕು. ನಾನು ಟ್ಯೂಬ್ ಲೆವೆಲ್ ತಂದು ನೀರು ಹೇಗೆ ತನ್ನ ಮಟ್ಟ ತಾನೇ ಹುಡುಕಿಕೊಳ್ಳುತ್ತದೆ ಎಂದು ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸುತ್ತೇನೆ. ಆ ಮಕ್ಕಳು ದಿನಾ ಅದರ ಪಕ್ಕದಲ್ಲೇ ಶಾಲೆಗೆ ಹೋಗುವವರು. ಹತ್ತು ವರ್ಷದ ಮೇಲೆ ಆ ಇಟ್ಟಿಗೆಯನ್ನು ಕಾಯುವವರು ಯಾರಾದರೂ ಇದ್ದರೆ ಅವರೇ ಇರಬೇಕು. ಸೆಗೋವಿಯಾದ ನಾಲ್ಕು ದೊಡ್ಡ ಫೋಟೋಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಾ, ಶಾಲೆಯ ಗೋಡೆಗೆ ಬೇಕು.

ಇಬ್ಬರೂ ಹಿಡಿತವಿರುವ ಷೂ ತನ್ನಿ; ಶಿವಗಂಗೆಯ ಕೊನೆಯ ಮೆಟ್ಟಿಲುಗಳು ಜಾರುತ್ತವೆ, ಕಂಬಿ ಬಿಡಬಾರದು. ಕೋತಿಗಳಿರುವುದರಿಂದ ಕೈಚೀಲ ಬೇಡ. ಮಾಗಡಿ ಸೊಗಡವರೆ ಜನವರಿಗೆ ಸರಿಯಾಗಿ ಬಲಿತಿರುತ್ತದೆ, ಹಿದಕವರೆ ಸಾರಿಗೆ ಖಾರ ಎಷ್ಟು ಹಾಕಬೇಕೆಂದು ದೊಡ್ಡಮ್ಮ ಈಗಿನಿಂದಲೇ ಯೋಚನೆಯಲ್ಲಿದ್ದಾಳೆ. ಗೆಳತಿ ಏನು ತಿನ್ನುತ್ತಾಳೆ, ಏನು ತಿನ್ನುವುದಿಲ್ಲ ಎಂದು ತಪ್ಪದೆ ಬರೆ. ವಿಮಾನ ಇಳಿಯುವ ದಿನವೂ ಹೊತ್ತೂ ಗೊತ್ತಾದ ಕೂಡಲೇ ತಿಳಿಸು. ಸಂಕ್ರಾಂತಿ ಹಿಂದಿನ ದಿನ ತುಮಕೂರು ರಸ್ತೆಯಲ್ಲಿ ಊರಿಗೆ ಹೊರಟವರ ಗಾಡಿಗಳು ಕಿಕ್ಕಿರಿದಿರುತ್ತವೆ, ಅದಕ್ಕಿಂತ ಎರಡು ದಿನ ಮೊದಲೇ ಮನೆ ಸೇರಿಕೊಂಡರೆ ಒಳ್ಳೆಯದು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ